ಕೆರೆಯ ದಂಡೆಯಲ್ಲಿ ಒಂದು ದಿನ: ಬಾದಾಮಿಯನ್ನು ಓದುವ ಬಗೆ

‘ಪ್ರವಾಸ’ ಎಂಬ ಪದ ಮರಾಠಿಯಲ್ಲೂ ಇದೆ, ಕನ್ನಡದಲ್ಲೂ ಇದೆ; ಅರ್ಥ ಮಾತ್ರ ತುಸು ಬೇರೆ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಬಸ್ಸಿನಲ್ಲಿ ಹೋಗಿ ಬರುವುದೂ ಮರಾಠಿಯವರಿಗೆ ಪ್ರವಾಸವೇ. ಕನ್ನಡದಲ್ಲಿ ಊರು ನೋಡಲೆಂದೇ ಹೊರಟರೆ ಅದು ಪ್ರವಾಸ. ಅದಕ್ಕೆ ಮರಾಠಿ ‘ಸಹಲ’ ಎನ್ನುತ್ತದೆ. ಎರಡೂ ನುಡಿಗಳಲ್ಲಿ ಶಾಲೆ ಕಲಿತ ನನಗೆ ಈ ‘ಸಹಲ’ ಎಂಬ ಮಾತು ಪ್ರಿಯ. ಅದರಲ್ಲಿ ಬಿಡುವಿದೆ, ಆತುರವಿಲ್ಲ.

ನಮ್ಮ ವಿದ್ಯಾರ್ಥಿಗಳು ಬಾದಾಮಿಗೆ ಹೊರಟರೆ ಒಂದೇ ದಿನದಲ್ಲಿ ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆಗಳನ್ನೆಲ್ಲ ಮುಗಿಸಿ ಬರುವುದುಂಟು. ಮರುದಿನ ಕೇಳಿದರೆ ಮೊಬೈಲಿನಲ್ಲಿ ಚಿತ್ರಗಳಿರುತ್ತವೆ, ಮನಸ್ಸಿನಲ್ಲಿ ಒಂದು ಕಂಬವೂ ಉಳಿದಿರುವುದಿಲ್ಲ. ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ನಾನು ಹೇಳುವುದಿಷ್ಟು: ಒಂದು ದಿನ, ಒಂದು ಊರು, ಒಂದು ಕೆರೆ. ಬಾದಾಮಿಯ ಅಗಸ್ತ್ಯತೀರ್ಥವನ್ನು ನಿಧಾನವಾಗಿ ಸುತ್ತಿದರೆ, ತರಗತಿಯಲ್ಲಿ ಓದುವ ಶಾಸನ, ಲಿಪಿ, ಛಂದಸ್ಸುಗಳು ಕಾಲ್ನಡಿಗೆಯ ದೂರದಲ್ಲೇ ದೊರೆಯುತ್ತವೆ.

ದಾರಿ

ಸೊಲ್ಲಾಪುರದಿಂದ ಬಾದಾಮಿ ಇನ್ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ನಸುಕಿನಲ್ಲಿ ಹೊರಟರೆ ಬಿಸಿಲೇರುವ ಮೊದಲೇ ತಲುಪಬಹುದು. ರಾಷ್ಟ್ರೀಯ ಹೆದ್ದಾರಿ 52 ಟಾಕಳಿಯ ಬಳಿ ಭೀಮಾ ನದಿಯನ್ನು ದಾಟುತ್ತದೆ. ಆಚೆ ದಂಡೆಯಲ್ಲಿ ಧೂಳಖೇಡ, ಅಲ್ಲಿಂದ ಕರ್ನಾಟಕ. ಸೇತುವೆಯ ಮೇಲೆ ಒಂದು ಸಂಗತಿಯನ್ನು ಗಮನಿಸಿರಿ. ಬದಲಾಗುವುದು ಫಲಕಗಳ ಲಿಪಿ. ಹೊಲದಲ್ಲಿ ಎತ್ತನ್ನು ಕೂಗುವ ನುಡಿ ಈಚೆಗೂ ಆಚೆಗೂ ಕನ್ನಡವೇ. ಝಳಕಿ, ಹೊರ್ತಿ ದಾಟಿದರೆ ವಿಜಯಪುರ. ಮುಂದೆ ಕೊಲ್ಹಾರದಲ್ಲಿ ಕೃಷ್ಣೆಯ ಉದ್ದನೆಯ ಸೇತುವೆ. ಅಲ್ಲಿಯ ಗಡಿಗೆಯ ಮೊಸರು ಹೆಸರಾದದ್ದು. ಬುತ್ತಿಯ ಜೋಳದ ರೊಟ್ಟಿಗೆ ಅದಕ್ಕಿಂತ ಒಳ್ಳೆಯ ಜೊತೆ ಸಿಗದು. ಗದ್ದನಕೇರಿ ದಾಟಿ ಕೆರೂರಿನಲ್ಲಿ ಎಡಕ್ಕೆ ತಿರುಗಿದರೆ ಎರೆಭೂಮಿಯ ಕಪ್ಪು ಹಿಂದೆ ಸರಿದು ಕೆಂಪು ಬೆಟ್ಟಗಳು ಎದುರಾಗುತ್ತವೆ.

ಕೆರೆ

ಬಾದಾಮಿಯ ಕೆರೆ ಎರಡು ಮರಳುಗಲ್ಲಿನ ಬೆಟ್ಟಗಳ ನಡುವಿನ ಕಣಿವೆಯಲ್ಲಿದೆ. ದಕ್ಷಿಣದ ಬೆಟ್ಟದಲ್ಲಿ ನಾಲ್ಕು ಗುಹಾಲಯಗಳು, ಉತ್ತರದ ಬೆಟ್ಟದ ಮೇಲೆ ಶಿವಾಲಯಗಳು, ಪೂರ್ವದ ಅಂಚಿನಲ್ಲಿ ಭೂತನಾಥ ದೇವಾಲಯ, ಪಶ್ಚಿಮಕ್ಕೆ ಏರಿ ಮತ್ತು ಊರು. ಮಳೆಗಾಲದಲ್ಲಿ ಬಂಡೆಗಳ ಮೇಲೆ ಬಿದ್ದ ನೀರು ಝರಿಯಾಗಿ ಧುಮುಕಿ ಇಲ್ಲಿ ಸೇರುತ್ತದೆ. ವಾತಾಪಿ ಇಲ್ಲಿ ನಿಲ್ಲಲು ಕಾರಣ ಈ ರಚನೆಯೇ: ಬೆಟ್ಟಗಳು ಕೋಟೆಯಾದವು, ಕೆರೆ ಜೀವಜಲವಾಯಿತು, ಮೃದುವಾದ ಕಲ್ಲು ಉಳಿಗೆ ಒಲಿಯಿತು. ಇಂದಿಗೂ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವ ಸಪ್ಪಳ ಎದುರಿನ ಬಂಡೆಗೆ ಬಡಿದು ಮರುದನಿಗೊಡುತ್ತದೆ.

ಬರಹಗಳು

ಮೊದಲು ಉತ್ತರದ ಬೆಟ್ಟ. ಶಕ 465, ಅಂದರೆ ಕ್ರಿ.ಶ. 543ರ ಶಾಸನವೊಂದು ಅಲ್ಲಿಯ ಬಂಡೆಯ ಎತ್ತರದಲ್ಲಿದೆ. ಒಂದನೆಯ ಪುಲಕೇಶಿ ವಾತಾಪಿಯ ಬೆಟ್ಟವನ್ನು ದುರ್ಗವಾಗಿಸಿದನೆಂದು ಅದು ಹೇಳುತ್ತದೆ. ಭಾಷೆ ಸಂಸ್ಕೃತ.

ದಕ್ಷಿಣದ ಮೂರನೆಯ ಗುಹೆಯಲ್ಲಿ ಮಂಗಳೇಶನ ಸಂಸ್ಕೃತ ಶಾಸನವಿದೆ. ಕಾಲ ಶಕ 500, ಕ್ರಿ.ಶ. 578. ಅದೇ ಗುಹೆಯ ಬಳಿ ಅವನ ಚಿಕ್ಕ ಕನ್ನಡ ಶಾಸನವೂ ಇದೆ. ಸಂಸ್ಕೃತದಲ್ಲಿ ಅರಸುಮನೆತನದ ವೈಭವ. ಕನ್ನಡದಲ್ಲಿ ದೇವರಿಗೆ ಬಿಟ್ಟ ಊರಿನ ವಿಚಾರ. ಗುಹಾಲಯವನ್ನು ಅದು ‘ಕಲ್ಮನೆ’ ಎಂದು ಕರೆಯುತ್ತದೆ. ಕಲ್ಲಿನ ಮನೆ ಕಲ್ಮನೆ: ಇಂದಿನ ಮಗುವಿಗೂ ಅರ್ಥವಾಗುವ ಮಾತು. ಯಾವ ಭಾಷೆ ಯಾವ ಕೆಲಸಕ್ಕೆ ಎಂಬುದನ್ನು ಈ ಎರಡು ಶಾಸನಗಳನ್ನು ಅಕ್ಕಪಕ್ಕ ಇಟ್ಟು ವಿಚಾರಿಸಿರಿ.

ಇಲ್ಲಿ ಶತ್ರುವಿನ ಬರಹವೂ ಉಳಿದಿದೆ. 642ರ ಸುಮಾರಿಗೆ ಪಲ್ಲವರ ಒಂದನೆಯ ನರಸಿಂಹವರ್ಮ ವಾತಾಪಿಯನ್ನು ಗೆದ್ದು ‘ವಾತಾಪಿಕೊಂಡ’ನೆನಿಸಿದ. ಅವನ ಶಾಸನ ಸವೆದ ಸ್ಥಿತಿಯಲ್ಲಿ ಈ ಊರ ಬಂಡೆಯ ಮೇಲಿದೆ. ಚಾಲುಕ್ಯರು ಮರಳಿ ಬಂದರು. ಸೋಲಿನ ಸಾಕ್ಷಿ ಮಾತ್ರ ಉಳಿಯಿತು.

ಕೆರೆಯ ಈಶಾನ್ಯಕ್ಕೆ, ತಟ್ಟುಕೋಟೆಯ ಕಡೆಯ ಬಂಡೆಯ ಮೇಲಿರುವುದು ಕಪ್ಪೆ ಅರಭಟ್ಟನ ಶಾಸನ. ಅದರಲ್ಲಿ ಅರಸನ ಹೆಸರಿಲ್ಲ, ತಿಥಿಯಿಲ್ಲ. ಲಿಪಿಯ ಆಧಾರದಿಂದ ಸುಮಾರು ಕ್ರಿ.ಶ. 700 ಎನ್ನುತ್ತಾರೆ. ಹತ್ತು ಸಾಲು, ನಡುವೆ ಒಂದು ಸಂಸ್ಕೃತ ಶ್ಲೋಕ, ಉಳಿದದ್ದು ಕನ್ನಡ. ನಮಗೆ ತಿಳಿದಿರುವ ಅತ್ಯಂತ ಹಳೆಯ ತ್ರಿಪದಿಗಳು ಇವೇ. ಒಳ್ಳೆಯವರಿಗೆ ಒಳ್ಳೆಯವನಾಗಿ, ಕೆಣಕಿದವರಿಗೆ ಕಠಿಣನಾಗಿದ್ದ ಒಬ್ಬ ವೀರನ ಸ್ವಭಾವಚಿತ್ರಣ ಅಲ್ಲಿದೆ. ಅವನು ಯಾರು, ಏನು ಎಂಬುದನ್ನು ಈ ಬಂಡೆಯಲ್ಲದೆ ಬೇರೊಂದು ದಾಖಲೆ ಹೇಳುವುದಿಲ್ಲ.

ತ್ರಿಪದಿಯ ಲೆಕ್ಕ ನಿಮಗೆ ಗೊತ್ತು: ಮೂರು ಪಾದಗಳಲ್ಲಿ 4, 4, 3ರಂತೆ 11 ಅಂಶಗಣಗಳು, 6ನೆಯದು ಮತ್ತು 10ನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಪುಸ್ತಕದಲ್ಲಿ ಇದು ಒಣ ಸೂತ್ರ. ಆದರೆ ಸರ್ವಜ್ಞ ಬಳಸಿದ್ದು ಇದೇ ಛಂದಸ್ಸನ್ನು. ನಮ್ಮ ಹಳ್ಳಿಗಳ ಬೀಸುವ ಪದಗಳು ಹರಿದದ್ದೂ ಇದರಲ್ಲಿಯೇ. ನಮ್ಮ ಮರಾಠಿ ಮನೆಗಳ ಅಜ್ಜಿಯರು ಜಾತೆಯ ಮುಂದೆ ಕುಳಿತು ‘ಓವಿ’ ಹಾಡಿದರು. ಛಂದಸ್ಸಿನ ಲೆಕ್ಕ ಬೇರೆ, ಬೀಸುವ ಕಲ್ಲು ಒಂದೇ. ಶಾಸನದ ಪಾಠವನ್ನು ಬರೆದುಕೊಂಡು ಹೋಗಿ, ಬಂಡೆಯ ಎದುರು ನಿಂತು ಗಟ್ಟಿಯಾಗಿ ಓದಿರಿ. ಸೂತ್ರ ಲಯವಾಗುವುದು ಕಿವಿಗೆ ತಿಳಿಯುತ್ತದೆ.

ಇದು ಯಾರದು?

‘ಅದು ಅವರ ರಾಜ್ಯದ್ದು, ನಾವು ನೋಡಿ ಬರುವವರು’ ಎಂಬ ಸಂಕೋಚ ಗಡಿಯಾಚೆಯ ಕನ್ನಡ ವಿದ್ಯಾರ್ಥಿಗೆ ಸಹಜವಾಗಿದೆ. ಐಚ್ಛಿಕ ಕನ್ನಡದಿಂದೇನು ಉಪಯೋಗ ಎಂದು ಮನೆಯವರೇ ಕೇಳುವಾಗ ಆ ಸಂಕೋಚ ಇಮ್ಮಡಿಯಾಗುತ್ತದೆ. ಕೆಲವು ಸಂಗತಿಗಳನ್ನು ನೆನಪಿಡಿರಿ. ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಇಮ್ಮಡಿ ಪುಲಕೇಶಿಯ ನಾಡನ್ನು ಮಹಾರಾಷ್ಟ್ರವೆಂದೇ ಕರೆದಿದ್ದಾನೆ. ಕನ್ನಡಿಗರು ಅವನನ್ನು ಕರ್ನಾಟಕದ ಚಕ್ರವರ್ತಿ ಎನ್ನುತ್ತಾರೆ. ಎರಡೂ ನಿಜವೇ, ಏಕೆಂದರೆ ಇಂದಿನ ಗಡಿ ಅಂದಿಗೆ ಇರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬಾದಾಮಿ ಮತ್ತು ಸೊಲ್ಲಾಪುರ ಎರಡೂ ಮುಂಬಯಿ ಪ್ರಾಂತದಲ್ಲಿದ್ದವು. ಅಲ್ಲಮನು ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಕಂಡ ಪ್ರಸಂಗವನ್ನು ಶೂನ್ಯಸಂಪಾದನೆಯಲ್ಲಿ ಓದುತ್ತೇವಲ್ಲ, ಆ ಸೊನ್ನಲಿಗೆ ನಮ್ಮ ಸೊಲ್ಲಾಪುರವೇ. ಕೆರೆಯ ದಂಡೆಯಲ್ಲಿ ಕನ್ನಡವನ್ನು ಓದುವುದು ನಮಗೆ ಹೊಸದಲ್ಲ. ಬಾದಾಮಿಗೆ ಅತಿಥಿಗಳಾಗಿ ಹೋಗಬೇಡಿರಿ, ಪಾಲುದಾರರಾಗಿ ಹೋಗಿರಿ.

ಕೆಲವು ಸೂಚನೆಗಳು

ಬೇಸಿಗೆ ಬೇಡ, ಕೆಂಪು ಕಲ್ಲು ಕಾವಲಿಯಂತೆ ಕಾಯುತ್ತದೆ. ಮಳೆ ನಿಂತ ಮೇಲಿನ ತಿಂಗಳುಗಳು ಉತ್ತಮ. ಉತ್ತರ ದಂಡೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಮಂಗಗಳು ಕೈಯಲ್ಲಿರುವ ತಿಂಡಿಯನ್ನು ಕಸಿಯುತ್ತವೆ. ಬುತ್ತಿಯನ್ನು ಗುಹೆಗಳ ಬಳಿ ಬಿಚ್ಚಬೇಡಿರಿ. ಬೆಳಿಗ್ಗೆ ಗುಹೆಗಳು, ಮಧ್ಯಾಹ್ನ ಸಂಗ್ರಹಾಲಯ, ಬಿಸಿಲು ಇಳಿದ ಮೇಲೆ ಅರಭಟ್ಟನ ಬಂಡೆ, ಕೊನೆಗೆ ಭೂತನಾಥದ ಕಟ್ಟೆಯ ಮೇಲೆ ಸುಮ್ಮನೆ ಅರ್ಧ ಗಂಟೆ. ಅಕ್ಷರ ಕಾಣಲೆಂದು ಸುಣ್ಣ, ಸೀಮೆಸುಣ್ಣ ಹಚ್ಚಬೇಡಿರಿ. ಓರೆಬಿಸಿಲು ಬೀಳುವ ಹೊತ್ತಿಗೆ ಅವು ತಾವೇ ಕಾಣುತ್ತವೆ.

ಮರಳುವಾಗ ಪ್ರತಿಯೊಬ್ಬರೂ ಒಂದು ಸಾಲನ್ನು ನಿಮ್ಮ ಕೈಬರಹದಲ್ಲಿ ನಕಲು ಮಾಡಿ, ಗಣ ಹಾಕಿ ತನ್ನಿರಿ. ವಿಭಾಗದ ವಹಿಯಲ್ಲಿ ಅವನ್ನು ಒಂದೆಡೆ ಸೇರಿಸೋಣ. ಮುಂದಿನ ವರ್ಷ ಕನ್ನಡ ತೆಗೆದುಕೊಳ್ಳಬೇಕೇ ಬೇಡವೇ ಎಂದು ಬಾಗಿಲಲ್ಲಿ ನಿಂತು ಯೋಚಿಸುವ ವಿದ್ಯಾರ್ಥಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಉತ್ತರ ನಮ್ಮಲ್ಲಿರದು.