ತಪ್ಪು ಸಮಯ ತೋರಿಸುವ ಕಂಪ್ಯೂಟರ್

ಕಂಪ್ಯೂಟರಿನ ಮೂಲೆಯಲ್ಲಿರುವ ಪುಟ್ಟ ಗಡಿಯಾರವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಅದು ತಪ್ಪಿದರೆ ತೊಂದರೆ ಒಂದೆರಡಲ್ಲ. ಬ್ಯಾಂಕಿನ ಅಥವಾ ಪರೀಕ್ಷಾ ಅರ್ಜಿಯ ವೆಬ್‌ಸೈಟ್ ತೆರೆಯಹೊರಟರೆ 'ಸಂಪರ್ಕ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬರುತ್ತದೆ. ಪ್ರತಿ ವೆಬ್‌ಸೈಟಿನ ಸುರಕ್ಷಾ ಪ್ರಮಾಣಪತ್ರಕ್ಕೂ ಒಂದು ಅವಧಿ ಇರುತ್ತದೆ. ಕಂಪ್ಯೂಟರಿನ ದಿನಾಂಕ ಆ ಅವಧಿಯ ಹೊರಗಿದ್ದರೆ ಅದನ್ನು ನಂಬಲು ಬ್ರೌಸರ್ ಒಪ್ಪುವುದಿಲ್ಲ. ನಮಾಝ್ ವೇಳೆ ತಿಳಿಸುವ ಸಾಫ್ಟ್‌ವೇರ್ ಕೂಡಾ ಇದೇ ಗಡಿಯಾರವನ್ನು ಅವಲಂಬಿಸಿರುತ್ತದೆ.

ರಿಪೇರಿಯವರನ್ನು ಕರೆಯುವ ಮೊದಲು ಗಡಿಯಾರ ಯಾವ ರೀತಿ ತಪ್ಪುತ್ತಿದೆ ಎಂದು ನೋಡಿರಿ. ಕಾರಣ ಅದರಲ್ಲೇ ತಿಳಿಯುತ್ತದೆ.

ಗಂಟೆಗಳ ಲೆಕ್ಕದಲ್ಲಿ ತಪ್ಪಿದರೆ

ಸೌದಿಯಿಂದ ತಂದ ಲ್ಯಾಪ್‌ಟಾಪ್ ಸರಿಯಾಗಿ ಎರಡೂವರೆ ಗಂಟೆ, ದುಬೈಯಿಂದ ತಂದದ್ದು ಒಂದೂವರೆ ಗಂಟೆ ಹಿಂದಿದ್ದರೆ ಅದು ಕೆಟ್ಟಿಲ್ಲ. ಅದಿನ್ನೂ ಆ ದೇಶದ ಸಮಯವನ್ನೇ ತೋರಿಸುತ್ತಿದೆ. ಇಲ್ಲಿ ಗಂಟೆ-ನಿಮಿಷವನ್ನು ಮಾತ್ರ ತಿದ್ದಿದರೆ ಪ್ರಯೋಜನವಿಲ್ಲ. ಇಂಟರ್ನೆಟ್ ಸಿಕ್ಕಿದಾಗ ಪುನಃ ಹಳೆಯ ಸಮಯವೇ ಬರುತ್ತದೆ. ವಿಂಡೋಸ್ 10 ಅಥವಾ 11 ಇದ್ದರೆ ಗಡಿಯಾರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ದಿನಾಂಕ-ಸಮಯದ ಸೆಟ್ಟಿಂಗ್ ತೆರೆಯಿರಿ. 'ಟೈಮ್ ಝೋನ್' ಎಂಬಲ್ಲಿ ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಎಂದಿರುವ +05:30ನ್ನು ಆರಿಸಿರಿ. ಬಳಿಕ 'ಸಿಂಕ್ ನೌ' ಒತ್ತಿರಿ.

ಪ್ರತಿಸಲ ಹಳೆಯ ದಿನಾಂಕ ಬಂದರೆ

ಸ್ವಿಚ್ ಆಫ್ ಮಾಡಿ ಆನ್ ಮಾಡಿದಾಗಲೆಲ್ಲಾ ಹಲವು ವರ್ಷ ಹಿಂದಿನ ದಿನಾಂಕ ಬರುವುದಾದರೆ ಒಳಗಿನ ಬ್ಯಾಟರಿ ಮುಗಿದಿರುವ ಸಾಧ್ಯತೆ ಹೆಚ್ಚು. ವಿದ್ಯುತ್ ಇಲ್ಲದಾಗಲೂ ಗಡಿಯಾರ ನಡೆಯಲು ಮದರ್‌ಬೋರ್ಡಿನಲ್ಲಿ ನಾಣ್ಯದಂತಹ ಒಂದು ಬ್ಯಾಟರಿ ಇರುತ್ತದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿರುವುದು ಸಿಆರ್ 2032 ಎಂಬ 3 ವೋಲ್ಟ್‌ನ ಬ್ಯಾಟರಿ. ಬೆಲೆಯೂ ಅಲ್ಪ.

ಬದಲಾಯಿಸುವಾಗ ಮೊದಲು ಪ್ಲಗ್ ಕಿತ್ತಿಡಿ. ಕ್ಯಾಬಿನೆಟ್ಟಿನ ಬದಿಯ ಮುಚ್ಚಳ ತೆಗೆದು, ಒಳಗಿನ ಲೋಹದ ಭಾಗವನ್ನು ಒಮ್ಮೆ ಮುಟ್ಟಿರಿ. ಕೈಯಲ್ಲಿರುವ ಸ್ಥಿರ ವಿದ್ಯುತ್ ಹೋಗುತ್ತದೆ. ಹಳೆಯ ಬ್ಯಾಟರಿಯ ಕೂಡಿಸು ಚಿಹ್ನೆ ಯಾವ ಕಡೆಗಿದೆ ಎಂದು ನೋಡಿಕೊಂಡು, ಹೊಸತನ್ನೂ ಹಾಗೆಯೇ ಕೂರಿಸಿ. ಆಮೇಲೆ ದಿನಾಂಕ, ಸಮಯ ಸರಿಪಡಿಸಿ. ಲ್ಯಾಪ್‌ಟಾಪ್ ಆದರೆ ತಿಳಿದವರ ಕೈಗೆ ಕೊಡುವುದೇ ಲೇಸು.

ಹೊಸ ಬ್ಯಾಟರಿ ಹಾಕಿದ ಮೇಲೂ ಸಮಯ ತಪ್ಪುತ್ತಿದ್ದರೆ ಮದರ್‌ಬೋರ್ಡನ್ನು ಪರೀಕ್ಷಿಸಬೇಕಾಗುತ್ತದೆ.

ತಾಯಂದಿರೇ, ಎಚ್ಚರ!

ತೆಗೆದ ಬ್ಯಾಟರಿಯನ್ನು ಮೇಜಿನ ಮೇಲೆ ಬಿಡಬೇಡಿ. ಹೊಳೆಯುವ ಈ ಬಿಲ್ಲೆಯನ್ನು ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ಒಳಭಾಗ ತೀವ್ರವಾಗಿ ಸುಡಬಹುದು, ಪ್ರಾಣಕ್ಕೂ ಅಪಾಯವಿದೆ. ಗಡಿಯಾರ ನಡೆಸಲಾಗದಷ್ಟು ಮುಗಿದ ಬ್ಯಾಟರಿಯಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಮಗು ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಹಳೆಯ ಬ್ಯಾಟರಿಯ ಎರಡೂ ಬದಿಗೆ ಟೇಪ್ ಸುತ್ತಿ, ಮಕ್ಕಳ ಕೈಗೆ ಎಟುಕದಂತೆ ಇಟ್ಟು, ಇ-ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಕೊಟ್ಟುಬಿಡಿ.