ಕಣ್ಣಿಲ್ಲ, ಅವಸರವಿಲ್ಲ, ಆಯಸ್ಸಿಗೆ ಮಾತ್ರ ಬರವಿಲ್ಲ!

ಕಗ್ಗತ್ತಲಲ್ಲೇ ಹುಟ್ಟಿ ಕಗ್ಗತ್ತಲಲ್ಲೇ ಬಾಳುವ ಪುಟ್ಟ ಪ್ರಾಣಿಯೊಂದು ಎಷ್ಟು ವರ್ಷ ಬದುಕೀತು? ಐದು? ಹತ್ತು? ಒಂದು ಸಂಖ್ಯೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಉತ್ತರ ಈಗಲೇ ಹೇಳುವುದಿಲ್ಲ!

ಮೊದಲು ಪ್ರಾಣಿಯನ್ನು ನೋಡಿ. ಹೆಸರು ಓಲ್ಮ್. ಯುರೋಪಿನ ಸ್ಲೊವೇನಿಯಾ, ಕ್ರೊಯೇಷಿಯಾ, ಬೋಸ್ನಿಯಾಗಳ ಸುಣ್ಣಕಲ್ಲಿನ ಗವಿಗಳಲ್ಲಿ, ತಣ್ಣನೆಯ ನೀರಿನಲ್ಲಿ ಇದರ ವಾಸ. ಸಾಲಮ್ಯಾಂಡರ್ ಬಳಗಕ್ಕೆ ಸೇರಿದ ಉಭಯಚರ. ಉದ್ದ 20ರಿಂದ 30 ಸೆಂ.ಮೀ. ನೀಳ ಮೈ, ಬಣ್ಣವಿಲ್ಲದ ಚರ್ಮ. ಒಳಗಿನ ರಕ್ತ ಕಂಡು ಮೈಯೆಲ್ಲ ನಸುಗೆಂಪು! ಕತ್ತಿನ ಎರಡೂ ಬದಿಗೆ ಕವಲೊಡೆದ ಕಡುಗೆಂಪು ಕಿವಿರು. ಮುಂಗಾಲಿಗೆ ಮೂರೇ ಬೆರಳು. ಹಿಂಗಾಲಿಗೆ? ಎರಡೇ ಎರಡು!

ಜೋರು ಮಳೆಗೆ ನೆಲದಡಿಯ ನೀರು ಉಕ್ಕಿ ಇವು ಹೊರಗೆ ಕೊಚ್ಚಿಕೊಂಡು ಬಂದಾಗ ಅಲ್ಲಿನ ಜನ ಏನೆಂದುಕೊಂಡರು ಗೊತ್ತೆ? ಡ್ರ್ಯಾಗನ್ ಮರಿ! ಈ ನಂಬಿಕೆಯನ್ನು ವಾಲ್ವಸೋರ್ ಎಂಬ ವಿದ್ವಾಂಸ 1689ರಲ್ಲೇ ಬರೆದಿಟ್ಟಿದ್ದಾನೆ.

ಈಗ ಕಣ್ಣಿನ ವಿಷಯಕ್ಕೆ ಬನ್ನಿ. ಹುಟ್ಟುಗುರುಡು ಎಂದುಕೊಂಡಿರಾ? ಅಲ್ಲ! ಮರಿಗೆ ಕಣ್ಣು ಮೂಡುತ್ತದೆ, ಬೆಳೆಯಲೂ ತೊಡಗುತ್ತದೆ. ಕೆಲವು ತಿಂಗಳಲ್ಲೇ ಆ ಬೆಳವಣಿಗೆ ನಿಂತು, ಕಣ್ಣು ಒಳಕ್ಕೆ ಸರಿದು, ಅದರ ಮೇಲೆ ಚರ್ಮ ಮುಚ್ಚಿಕೊಳ್ಳುತ್ತದೆ. ಹಾಗಾದರೆ ಬೆಳಕು ಬಿದ್ದರೆ ತಿಳಿಯುವುದೇ ಇಲ್ಲವೆ? ತಿಳಿಯುತ್ತದೆ! ಚರ್ಮವೇ ಬೆಳಕನ್ನು ಗುರುತಿಸುತ್ತದೆ. ಓಲ್ಮ್ ತಟ್ಟನೆ ಕತ್ತಲಿಗೆ ಸರಿಯುತ್ತದೆ.

ಕಣ್ಣು ಹೋಯಿತು, ಬಂದದ್ದೇನು? ನೀರಿನಲ್ಲಿ ಕರಗಿದ ವಾಸನೆ ಹಿಡಿಯುವ ಮೂಗು. ನೀರಿನ ಅಲುಗಾಟವನ್ನು ಗ್ರಹಿಸುವ ಮೈ. ನೀರೊಳಗಿನ ಸದ್ದು ಕೇಳುವ ಒಳಗಿವಿ. ಇಷ್ಟೇ ಅಲ್ಲ! ಬೇರೆ ಜೀವಿಗಳ ಮೈಯಿಂದ ಹೊಮ್ಮುವ ಕ್ಷೀಣ ವಿದ್ಯುತ್ತನ್ನೂ ಪತ್ತೆ ಮಾಡುವ ಸೂಕ್ಷ್ಮ ಅಂಗಗಳು ಇದರ ತಲೆಯ ಚರ್ಮದಲ್ಲಿವೆ!

ಬೇಟೆ ಸಿಗದಿದ್ದರೆ? ಗಾಬರಿಯೇ ಇಲ್ಲ. ಮೈಯ ಚಟುವಟಿಕೆಯನ್ನೆಲ್ಲ ತಗ್ಗಿಸಿ ಸುಮ್ಮನಿದ್ದುಬಿಡುತ್ತದೆ. ದಿನಗಟ್ಟಲೆಯಲ್ಲ, ವರ್ಷಗಟ್ಟಲೆ ಉಪವಾಸ!

ಸುಮ್ಮನಿರುವುದೆಂದರೆ ಎಷ್ಟು ಸುಮ್ಮನೆ? ಬೋಸ್ನಿಯಾ-ಹರ್ಜೆಗೊವಿನಾದ ಗವಿಯೊಂದರಲ್ಲಿ ಮುಳುಗುಗಾರ ವಿಜ್ಞಾನಿಗಳು ಓಲ್ಮ್‌ಗಳಿಗೆ ಗುರುತು ಹಾಕಿ, ಮತ್ತೆ ಮತ್ತೆ ಹೋಗಿ ಹುಡುಕಿದರು. ಒಂದು ಓಲ್ಮ್ ಪ್ರತಿ ಸಲವೂ ಅದೇ ಜಾಗದಲ್ಲಿ ಸಿಕ್ಕಿತು. ಎಷ್ಟು ದಿನದವರೆಗೆ? ಊಹಿಸಿ. 2,569 ದಿನ! ಏಳು ವರ್ಷ!

ಸಂತಾನದಲ್ಲೂ ಅವಸರವಿಲ್ಲ. ಪ್ರಾಯಕ್ಕೆ ಬರಲು ಸುಮಾರು 15 ವರ್ಷ ಬೇಕು. ಆಮೇಲೂ ಹೆಣ್ಣು ಮೊಟ್ಟೆಯಿಡುವುದು ಸರಾಸರಿ ಹನ್ನೆರಡು ವರ್ಷಕ್ಕೊಮ್ಮೆ! 2016ರಲ್ಲಿ ಸ್ಲೊವೇನಿಯಾದ ಪೋಸ್ಟೊಯ್ನಾ ಗುಹೆಯ ಅಕ್ವೇರಿಯಂನಲ್ಲಿ ಒಂದು ತಾಯಿ 64 ಮೊಟ್ಟೆಯಿಟ್ಟಾಗ ಜಗತ್ತೇ ಕಾದು ಕೂತಿತ್ತು. ಸುಮಾರು ನಾಲ್ಕು ತಿಂಗಳು! ಕೊನೆಗೂ ಇಪ್ಪತ್ತಕ್ಕೂ ಹೆಚ್ಚು ಮರಿಗಳು ಹೊರಬಂದವು.

ಸರಿ, ಮನಸ್ಸಿನಲ್ಲಿ ಇಟ್ಟುಕೊಂಡ ಸಂಖ್ಯೆ ತೆಗೆಯಿರಿ. ಫ್ರಾನ್ಸಿನ ಮೂಲಿಸ್‌ನಲ್ಲಿ 1950ರ ದಶಕದಿಂದ ಓಲ್ಮ್‌ಗಳನ್ನು ಸಾಕುತ್ತಿದ್ದಾರೆ. ಅಲ್ಲಿನ ದಾಖಲೆಗಳ ಲೆಕ್ಕ 2010ರಲ್ಲಿ ಹೊರಬಂತು. ವಯಸ್ಕ ಓಲ್ಮ್‌ನ ಸರಾಸರಿ ಆಯಸ್ಸು 68 ವರ್ಷ! ಗರಿಷ್ಠ ಆಯಸ್ಸಿನ ಅಂದಾಜು? ನೂರಕ್ಕೂ ಮೇಲೆ! ಇದರ ತೂಕವೆಷ್ಟು ಗೊತ್ತೆ? 15ರಿಂದ 20 ಗ್ರಾಂ. ನಾಲ್ಕು ಚಮಚ ಸಕ್ಕರೆಯಷ್ಟು ತೂಕದ ಜೀವಕ್ಕೆ ನೂರು ವರ್ಷದ ಬಾಳು!

ಇಂಥ ಜೀವಿಗೂ ಒಂದು ಭಯವಿದೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುವ ನೀರು ಹೆಚ್ಚು ಸೋಸಿಹೋಗುವುದಿಲ್ಲ. ಮೇಲೆ ಚೆಲ್ಲಿದ ಗೊಬ್ಬರ, ಕಾರ್ಖಾನೆಯ ವಿಷ ನೇರವಾಗಿ ಓಲ್ಮ್‌ನ ಮನೆಗೇ ಇಳಿಯುತ್ತದೆ. ಹೊಸ ವಿಷಕ್ಕೆ ಒಗ್ಗಿಕೊಳ್ಳಲು, ಹನ್ನೆರಡು ವರ್ಷಕ್ಕೊಮ್ಮೆ ಮೊಟ್ಟೆಯಿಡುವ ಪ್ರಾಣಿಗೆ ಸಮಯವೆಲ್ಲಿದೆ? ಆ ನೀರನ್ನು ಚೊಕ್ಕಟವಾಗಿಡುವುದೊಂದೇ ದಾರಿ.

ಪೋಸ್ಟೊಯ್ನಾ ಕಡೆ ಹೋಗುವ ಅವಕಾಶ ಸಿಕ್ಕರೆ ಖಂಡಿತ ನೋಡಿ ಬನ್ನಿ. ಕ್ಯಾಮೆರಾದ ಫ್ಲ್ಯಾಶ್ ಮಾತ್ರ ಹಾಕಬೇಡಿ!