ವೊಕ್ಯಾಬ್ಯುಲರಿ ‘ಪೂರ್’ ಅಂದ್ರೆ ನಾವು ಬಡವರಾ?

ಮಗಳ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್ ಇತ್ತು. ‘ಹುಡುಗಿ ಚೂಟಿ ಇದ್ದಾಳೆ. ಆದ್ರೆ ವೊಕ್ಯಾಬ್ಯುಲರಿ ತುಂಬಾ ಪೂರ್’ ಅಂದರು ಟೀಚರ್. ಎಲ್ಲಾ ತಿಳಿದವಳ ಹಾಗೆ ತಲೆಯಾಡಿಸಿ ಬಂದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎ. ಮಾಡಿದವಳು ನಾನು. ಪದ ಕೇಳಿದ್ದೆ, ಅರ್ಥ ಹೇಳು ಅಂದಿದ್ದರೆ ತಡವರಿಸುತ್ತಿದ್ದೆ. ದಾರಿಯಲ್ಲಿ ಮಗಳು ಕೇಳಿದಳು, ‘ಅಮ್ಮಾ, ಪೂರ್ ಅಂದ್ರೆ ಬಡವ್ರು ಅಲ್ವಾ? ನಾವು ಬಡವ್ರಾ?’ ನನಗೆ ನಗು ಬಂತು. ಅವತ್ತಿನಿಂದ ಅವಳು ಕ್ಲಾಸಿನಲ್ಲಿ ಬಾಯಿಯೇ ಬಿಡುತ್ತಿಲ್ಲ ಅಂತ ಗೊತ್ತಾದಾಗ ನಗು ಹಾರಿಹೋಯಿತು.

ನಿಮ್ಮ ಮನೆಯಲ್ಲೂ ಈ ಮಾತು ಬಂದಿದ್ದರೆ ಮೊದಲು ಪದವನ್ನೇ ತಿಳಿದುಕೊಳ್ಳಿ. ಒಬ್ಬರಿಗೆ ಗೊತ್ತಿರುವ ಪದಗಳೆಲ್ಲ ಸೇರಿದರೆ ಅದು ಅವರ ವೊಕ್ಯಾಬ್ಯುಲರಿ, ಅಂದರೆ ಪದಸಂಪತ್ತು. ಮೂಲ ಲ್ಯಾಟಿನ್, ‘ಕರೆ’ ಎಂಬ ಅರ್ಥದ ಧಾತುವಿನಿಂದ ಬಂದದ್ದು. ಎಷ್ಟೋ ಜನ ಇದನ್ನೇ ಡಿಕ್ಷನರಿ ಅಂದುಕೊಂಡಿದ್ದಾರೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅದು ಡಿಕ್ಷನರಿ. ಅದರಲ್ಲಿ ನಮ್ಮ ತಲೆಯಲ್ಲಿ ಉಳಿದಿರುವಷ್ಟು ಮಾತ್ರ ನಮ್ಮ ವೊಕ್ಯಾಬ್ಯುಲರಿ.

ಬಳಸುವಾಗ ಒಂದು ತಪ್ಪು ಬಹಳ ಕೇಳುತ್ತೇವೆ. ‘ಐ ಲರ್ನ್ಡ್ ಫೈವ್ ವೊಕ್ಯಾಬ್ಯುಲರೀಸ್’ ಅನ್ನಬಾರದು. ಕಲಿತದ್ದು ಐದು ವರ್ಡ್ಸ್. ‘ಷಿ ಹ್ಯಾಸ್ ಎ ಗುಡ್ ವೊಕ್ಯಾಬ್ಯುಲರಿ’ ಅಂದರೆ ಸರಿ.

ಒಂದೊಂದು ಕಸುಬಿಗೂ ಅದರದೇ ವೊಕ್ಯಾಬ್ಯುಲರಿ ಇರುತ್ತೆ. ನನ್ನ ತವರು ನ್ಯಾಮತಿ ಕಡೆ, ಅಕ್ಕನನ್ನು ಕೊಟ್ಟಿದ್ದು ಜಗಳೂರಿಗೆ, ನಾನು ಸೇರಿದ್ದು ಚನ್ನಗಿರಿಗೆ. ಎಲ್ಲಾ ದಾವಣಗೆರೆ ಜಿಲ್ಲೆಯೇ. ಆದರೂ ಅಕ್ಕನ ಮನೆಯ ಬೆದ್ದಲು ಹೊಲದ ಕೂರಿಗೆ, ಕುಂಟೆ ನಮ್ಮ ತೋಟದ ಮನೆಯಲ್ಲಿ ಕೇಳಿಸುವುದಿಲ್ಲ. ಹೊನ್ನಾಳಿ ಹೊಳೆದಂಡೆಯ ಗದ್ದೆಗಳ ಸಸಿ ಮಡಿ, ನಾಟಿ ಮಾತು ಅಕ್ಕನ ಮನೆಯಲ್ಲಿಲ್ಲ. ನಮ್ಮಲ್ಲಿ ಅಡಿಕೆ ಕೊಯ್ಲು ಬಂತೆಂದರೆ ರಾಶಿ, ಬೆಟ್ಟೆ, ಗೋಟು, ಚೊಗರು. ಅತ್ತೆಯವರ ಪಕ್ಕ ಕೂತು ಇವನ್ನೆಲ್ಲ ಬೇರೆ ಬೇರೆ ತೋರಿಸಿ ಹೇಳುವ ಮಗು ಪದಸಂಪತ್ತಿನಲ್ಲಿ ಬಡವಳು ಹೇಗಾಗ್ತಾಳೆ? ಟೀಚರ್ ಹೇಳಿದ್ದು ಸುಳ್ಳಲ್ಲ, ಅದು ಇಂಗ್ಲಿಷಿನ ಮಾತು ಅಷ್ಟೆ. ಅಷ್ಟನ್ನು ಮಗುವಿಗೆ ಬಿಡಿಸಿ ಹೇಳಬೇಕಿತ್ತು. ನಾನೂ ಹೇಳಲಿಲ್ಲ.

ವಸ್ತು ಗೊತ್ತಿರುವ ಮಗುವಿಗೆ ಇನ್ನೊಂದು ಹೆಸರು ಸೇರಿಸಿದರೆ ಸಾಕು, ಅದು ಸುಲಭ. ಹಾಗಾಗಿ ದಿನಕ್ಕೆ ಹತ್ತು ಪದ ಉರು ಹೊಡೆಸುವುದನ್ನು ಬಿಟ್ಟು ಮನೆಯಲ್ಲಿರುವುದರಿಂದಲೇ ಶುರು ಮಾಡಿದೆವು. ಭತ್ತ ಪ್ಯಾಡಿ. ಅಕ್ಕಿಯೂ ರೈಸ್, ಅನ್ನವೂ ರೈಸ್! ‘ಅಯ್ಯೋ, ಇಂಗ್ಲಿಷ್ನೋರೇ ಪೂರ್’ ಅಂದಳು. ಅಡಿಕೆಗೆ ಅರೆಕಾ. ಮಲಯಾಳದ ‘ಅಡಕ್ಕ’ ಪೋರ್ಚುಗೀಸರ ಬಾಯಿಗೆ ಸಿಕ್ಕಿ ಇಂಗ್ಲಿಷಿಗೆ ಹೋದದ್ದು. ನಮ್ಮ ಅಡಿಕೆಯ ಒಡಹುಟ್ಟು ಅನ್ನಿ. ಬೀಟಲ್ ಅಂದರೆ ವೀಳ್ಯದೆಲೆ. ಅಡಿಕೆಯನ್ನು ಬೀಟಲ್‌ನಟ್ ಅನ್ನುವುದು ರೂಢಿಯಲ್ಲಿದೆ, ಆದರೆ ಎರಡೂ ಬೇರೆ ಬೇರೆ ಗಿಡದವು.

ಕೇಳಿದರೆ ಅರ್ಥವಾಗುವ ಪದಗಳು ಯಾರಿಗೂ ಹೆಚ್ಚು, ಮಾತಿನಲ್ಲಿ ಬಳಸುವವು ಕಡಿಮೆ. ಆದ್ದರಿಂದ ಹೊಸ ಪದಕ್ಕೆ ಮಗು ತನ್ನದೇ ಒಂದು ವಾಕ್ಯ ಮಾಡಲಿ. ಮಾರನೇ ದಿನ ಒಮ್ಮೆ, ವಾರ ಬಿಟ್ಟು ಒಮ್ಮೆ ಮಾತಿನ ನಡುವೆ ಅದನ್ನು ಎಳೆದು ತನ್ನಿ. ತಪ್ಪಾದರೆ ನೆಂಟರ ಮುಂದೆ ತಿದ್ದಬೇಡಿ. ಮನೆಯಲ್ಲಿ ಕನ್ನಡ ಮಾತಾಡುವುದನ್ನಂತೂ ನಿಲ್ಲಿಸಲೇಬೇಡಿ.

ನಮ್ಮವಳ ಪುಸ್ತಕದಲ್ಲಿ ಈಗ 23 ಪದಗಳಿವೆ, ಎದುರಿಗೆ ಕನ್ನಡವೂ ಇದೆ. ಮೊನ್ನೆ ‘ಹಸ್ಕ್’ ಅಂದರೇನು ಅಂತ ಟೀಚರ್ ಕೇಳಿದಾಗ ಕೈ ಎತ್ತಿದವಳು ಇವಳೊಬ್ಬಳೇ ಅಂತೆ. ‘ಅಡಿಕೆ ಸಿಪ್ಪೆ ಮಿಸ್’ ಅಂದಳಂತೆ.